ಸಿಮ್ ಸಿಕ್ಕಿತು, ಕೋಡ್ ಸಿಗಲಿಲ್ಲ: ಫೋನ್ ಕಳೆದುಕೊಂಡ ಒಂಬತ್ತು ದಿನ

ಫೆಬ್ರವರಿ 9, ಸೋಮವಾರ. ಸುರತ್ಕಲ್‌ನಿಂದ ಬೆಳಗ್ಗೆ ಎಂಟೂವರೆಯ ಬಸ್ಸು. ಕಾಲಿಡಲು ಜಾಗ ಇರಲಿಲ್ಲ. ಕೂಳೂರು ಸೇತುವೆಯ ಹತ್ತಿರ ಎಂದಿನಂತೆ ಬ್ಲಾಕ್. ಮಂಗಳೂರಿನ ಲಾಲ್‌ಬಾಗ್‌ನಲ್ಲಿ ಇಳಿದು, ಆಫೀಸಿನ ಮೆಟ್ಟಿಲು ಹತ್ತುವಾಗ ಕಿಸೆಗೆ ಕೈ ಹಾಕಿದೆ. ಫೋನ್ ಇರಲಿಲ್ಲ.

ನಾನು ಸಾಫ್ಟ್‌ವೇರ್ ಬರೆಯುವವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಲಾಗಿನ್ ಪುಟಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕ ಇಲ್ಲ. ಆದರೂ ನನ್ನದೇ ಖಾತೆಗಳ ಒಳಗೆ ಮತ್ತೆ ಹೋಗಲು ಒಂಬತ್ತು ದಿನ ಬೇಕಾಯಿತು. ನಿನ್ನೆ ಸಂಜೆ, ಒಂದು ಖಾತೆ ಬಿಟ್ಟು, ಎಲ್ಲ ಮುಗಿಯಿತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಗೊತ್ತಿದ್ದರೆ ಅದರಲ್ಲಿ ಎರಡು ಮೂರು ದಿನವಾದರೂ ಉಳಿಯುತ್ತಿತ್ತು. ಅದಕ್ಕೇ ಮರೆಯುವ ಮೊದಲು ಬರೆಯುತ್ತಿದ್ದೇನೆ.

ಸಹೋದ್ಯೋಗಿಯ ಫೋನಿನಿಂದ ನನ್ನ ನಂಬರಿಗೆ ಕರೆ ಮಾಡಿದೆವು. ಎರಡು ಸಲ ರಿಂಗ್ ಆಯಿತು. ಮೂರನೇ ಸಲ ಸ್ವಿಚ್ ಆಫ್. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಆಟೋದಲ್ಲಿ ಓಡಿದೆ. ಅಲ್ಲಿನ ಟೈಂ ಕೀಪರ್ ಬಹಳ ಒಳ್ಳೆಯವರು. ಬಸ್ಸಿನ ಹೆಸರು, ಇಳಿದ ಹೊತ್ತು ಹೇಳಿದ ಕೂಡಲೇ ಕಂಡಕ್ಟರಿಗೆ ಫೋನ್ ಮಾಡಿ ಸೀಟಿನ ಅಡಿ ಎಲ್ಲ ನೋಡಿಸಿದರು. "ಇಲ್ಲ ಮಾರ್ರೆ, ಯಾರೋ ತೆಗೆದಿದ್ದಾರೆ. ನೀವು ಮೊದಲು ಬ್ಯಾಂಕಿಗೆ ಹೇಳಿ" ಅಂದರು. ಅವರು ಹೇಳಿದ್ದೇ ಸರಿ. ನಾನು ಅರ್ಧ ಗಂಟೆ ಫೋನ್ ಹುಡುಕುವುದರಲ್ಲಿ ಕಳೆದಿದ್ದೆ. ಮೊದಲು ಮಾಡಬೇಕಾದದ್ದು ಬೇರೆಯೇ ಇತ್ತು.

ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ ಮತ್ತು ಕಾರ್ಡ್ ನಿಲ್ಲಿಸಿ. ಆಮೇಲೆ ಸಿಮ್ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ. ದುಡ್ಡು ಆಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನನ್ನ ದುಡ್ಡು ಹೋಗಿರಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ನನ್ನ ಸ್ವಂತ ಇಮೇಲ್ ತೆರೆದೇ ಇತ್ತು. ಅಲ್ಲಿಂದ ಫೋನನ್ನು ಕಳೆದುಹೋದದ್ದು ಎಂದು ಗುರುತು ಹಾಕಿ ಲಾಕ್ ಮಾಡಿದೆ. ಇಂಥ ಹೊತ್ತಿನಲ್ಲಿ ಎಲ್ಲಾದರೂ ಲಾಗಿನ್ ಆಗಿ ಉಳಿದಿದ್ದರೆ, ದಯವಿಟ್ಟು ಅಲ್ಲಿ ಲಾಗ್ ಔಟ್ ಮಾಡಬೇಡಿ. ಗಾಬರಿಯಲ್ಲಿ "ಎಲ್ಲ ಕಡೆಯಿಂದ ಲಾಗ್ ಔಟ್" ಒತ್ತಲು ಹೋಗಿದ್ದೆ. ಪಕ್ಕದಲ್ಲಿದ್ದ ಗೆಳತಿ ಕೈ ಹಿಡಿದು ತಡೆದಳು. ಅದನ್ನು ಒತ್ತಿದ್ದರೆ ಮುಂದಿನ ಕಥೆ ಒಂಬತ್ತು ದಿನಕ್ಕೂ ಮುಗಿಯುತ್ತಿರಲಿಲ್ಲ.

ಮಧ್ಯಾಹ್ನ ಪೊಲೀಸ್ ಠಾಣೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಕಳೆದುಹೋದದ್ದಾ, ಕದ್ದದ್ದಾ?" ಎರಡನೆಯದು, "ಎಲ್ಲಿ?" ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸು ಸುರತ್ಕಲ್‌ನಿಂದ ಲಾಲ್‌ಬಾಗ್‌ವರೆಗೆ ಓಡುತ್ತಾ ಇತ್ತು. ಒಂದು ಠಾಣೆಯವರು ಇನ್ನೊಂದಕ್ಕೆ ಹೋಗಿ ಅಂದರು. ಇನ್ನೊಂದರಲ್ಲಿ ಮೊದಲಿನದಕ್ಕೇ ಹೋಗಿ ಅಂದರು. ಸೆಕೆಯಲ್ಲಿ ಹೀಗೆ ಓಡಾಡಿ ಅಳು ಬರುವಷ್ಟು ಸುಸ್ತಾಯಿತು. ಕಳ್ಳತನ ಎಂದು ಖಚಿತ ಇದ್ದರೆ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. ಕಳೆದುಹೋದದ್ದು ಅಂತಾದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಎಂಬ ಆನ್‌ಲೈನ್ ಸೇವೆಯಲ್ಲಿ ಕುಳಿತಲ್ಲಿಂದಲೇ ದಾಖಲಿಸಬಹುದು. ಯಾರಾದರೂ ಕದ್ದದ್ದನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಹಾಗಾಗಿ ಕಳೆದುಹೋದದ್ದು ಎಂದೇ ದಾಖಲಿಸಿದೆ. ಸಂಪರ್ಕಕ್ಕೆ ಅಕ್ಕನ ನಂಬರ್ ಕೊಟ್ಟೆ. ಸ್ವೀಕೃತಿ ಪತ್ರ ಬಂತು. ಮುಂದೆ ಎಲ್ಲ ಕಡೆ ಕೇಳುವುದು ಆ ಪತ್ರವನ್ನೇ.

ದಾಖಲಿಸುವಾಗ ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ನಂಬರ್ ಹಾಕಬೇಕು. 15 ಅಂಕೆ. ಎರಡು ಸಿಮ್ಮಿನ ಫೋನಾದರೆ ಎರಡು ನಂಬರ್ ಇರುತ್ತದೆ. ಫೋನ್ ಕೈಯಲ್ಲಿದ್ದಾಗ *#06# ಒತ್ತಿದರೆ ಬರುತ್ತದೆ. ಫೋನ್ ಹೋದ ಮೇಲೆ ಡಬ್ಬಿಯೇ ಗತಿ, ಇಲ್ಲವೇ ಬಿಲ್ಲು. ನನ್ನ ಬಿಲ್ಲು ಇಮೇಲಿನಲ್ಲಿತ್ತು. ಇದನ್ನು ಓದುತ್ತಿರುವವರು ಈಗಲೇ ಆ ನಂಬರನ್ನು ಒಂದು ಕಾಗದದಲ್ಲಿ ಬರೆದಿಡಿ. ಒಂದು ನಿಮಿಷದ ಕೆಲಸ.

ಮಂಗಳವಾರ ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಲು ಹೋದೆ. ಆಧಾರ್ ಕೊಟ್ಟೆ. ಕೌಂಟರಿನ ಹುಡುಗ ಪರದೆ ನೋಡಿ, "ಸಾರ್, ಇದು ನಿಮ್ಮ ಹೆಸರಲ್ಲಿ ಇಲ್ಲ" ಅಂದ. ಅಪ್ಪನ ಹೆಸರಲ್ಲಿತ್ತು. ಕಾಲೇಜಿಗೆ ಸೇರಿದ ವರ್ಷ ಅಪ್ಪ ತೆಗೆಸಿಕೊಟ್ಟ ಸಿಮ್. ಹದಿನೈದು ವರ್ಷದಿಂದ ನನ್ನ ಬ್ಯಾಂಕು, ಆಧಾರ್, ಪಾನ್ ಎಲ್ಲ ಆ ನಂಬರಿನ ಮೇಲೆ ನಿಂತಿತ್ತು. ಕಾನೂನಿನ ಲೆಕ್ಕದಲ್ಲಿ ಅದು ನನ್ನದಾಗಿರಲೇ ಇಲ್ಲ. ನಮ್ಮ ಊರಲ್ಲಿ ಹೀಗೆ ಎಷ್ಟೋ ಮನೆಗಳಲ್ಲಿ ಇದೆ, ಅಲ್ವಾ? ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ನೋಡಬಹುದು. ಒಬ್ಬರ ಹೆಸರಲ್ಲಿ 9ರವರೆಗೆ ಇರಬಹುದು ಎಂಬುದು ನಮ್ಮ ರಾಜ್ಯಕ್ಕಿರುವ ನಿಯಮ. ನಿಮ್ಮ ನಂಬರ್ ಆ ಪಟ್ಟಿಯಲ್ಲಿ ಇಲ್ಲ ಅಂದರೆ, ಅದು ಬೇರೆಯವರ ಹೆಸರಲ್ಲಿ ಇರಬಹುದು.

ಅಪ್ಪ ಇರುವುದು ಕಾರ್ಕಳದ ಹತ್ತಿರ. ಅಡಿಕೆ ಸುಲಿಯುವ ಕೆಲಸ ಬಿಟ್ಟು, ಮೂಡುಬಿದಿರೆ ದಾರಿಯ ಬಸ್ಸಿನಲ್ಲಿ ಬಂದರು. ಬೆರಳು ಒತ್ತಿ ಅಂದರು. ಒತ್ತಿದರು. ಯಂತ್ರ ಹಿಡಿಯಲಿಲ್ಲ. ಬೇರೆ ಬೆರಳು, ಅದೂ ಇಲ್ಲ. ಮೂರು ತಿಂಗಳಿಂದ ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆಗಳೇ ಸವೆದಿದ್ದವು. ಅಪ್ಪ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡರು. ತಪ್ಪು ತನ್ನದು ಅನ್ನುವ ಹಾಗೆ ನನ್ನ ಮುಖ ನೋಡಿದರು. ಆ ಒಂದು ನೋಟ ಈ ಒಂಬತ್ತು ದಿನದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಕೊನೆಗೆ ಆಧಾರ್ ಕಾರ್ಡಿನ ಫೋಟೋ, ಅಪ್ಪನ ಮುಖದ ಫೋಟೋ ತೆಗೆದು ಬೇರೆ ದಾರಿಯಲ್ಲಿ ಮಾಡಿದರು. ನಿಮ್ಮ ಮನೆಯ ಹಿರಿಯರ ಬೆರಳು ಹಿಡಿಯದಿದ್ದರೆ ವಾಪಸು ಹೋಗಬೇಡಿ. ಫೋಟೋ ತೆಗೆದು ಮಾಡುವ ದಾರಿ ಇದೆಯಾ ಎಂದು ಕೇಳಿ. ನಾವು ಕೇಳುವವರೆಗೆ ಯಾರೂ ಹೇಳಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಸಿಮ್ ಚಾಲೂ ಆಯಿತು. ಹೊಸ ಫೋನ್ ಕೊಂಡೆ. ಆದರೆ ಹೀಗೆ ತೆಗೆದ ಡೂಪ್ಲಿಕೇಟ್ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಿಮ್ಮ ಹೆಸರಿನಲ್ಲಿ ಮೋಸದಿಂದ ಸಿಮ್ ತೆಗೆದವರು ಕೂಡಲೇ ಒಟಿಪಿ ಪಡೆದು ದುಡ್ಡು ಎಳೆಯಬಾರದು ಎಂದು ಈ ತಡೆ. ಒಳ್ಳೆಯ ನಿಯಮ. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಕೌಂಟರಿನಲ್ಲಿ ಒಂದು ಮಾತು ಹೇಳಿದ್ದರೆ ಆ ಸಂಜೆ ಎಂಟು ಸಲ ಒಟಿಪಿ ಕೇಳಿ ಬ್ಯಾಂಕಿನ ಆ್ಯಪ್ ಕೂಡ ಲಾಕ್ ಆಗುತ್ತಿರಲಿಲ್ಲ. ಈ 24 ಗಂಟೆಯಲ್ಲಿ ಕರೆಗಳು ಬರುತ್ತವೆ. ಹಾಗಾಗಿ "ಕರೆ ಮಾಡಿ ಕೋಡ್ ಹೇಳಿ" ಎಂಬ ಆಯ್ಕೆ ಇರುವಲ್ಲಿ ಅದನ್ನೇ ಒತ್ತಿ. ವಾಟ್ಸ್ಆ್ಯಪ್ ನನಗೆ ಹಾಗೆಯೇ ಅದೇ ಸಂಜೆ ಸಿಕ್ಕಿತು. ಯುಪಿಐಗೆ ಮಾತ್ರ ಕಾಯಲೇಬೇಕು. ಫೋನಿನಿಂದ ಎಸ್ಸೆಮ್ಮೆಸ್ ಹೋದರೆ ಮಾತ್ರ ಅದು ನೋಂದಣಿ ಆಗುವುದು. ಆದ ಮೇಲೂ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ. ಕೈಯಲ್ಲಿ ನಗದು ಇಟ್ಟುಕೊಳ್ಳಿ.

ಫೋನನ್ನೇ ಬ್ಲಾಕ್ ಮಾಡುವ ಕೆಲಸಕ್ಕೂ ಇದೇ ಕಾಯುವಿಕೆ. ಸಂಚಾರ್ ಸಾಥಿ ಪೋರ್ಟಲ್ 2023ರ ಮೇ ತಿಂಗಳಲ್ಲಿ ಬಂತು. ಅದರಲ್ಲಿ ಸಿಇಐಆರ್ ಎಂಬ ಭಾಗ ಇದೆ. ಐಎಂಇಐ ಕೊಟ್ಟರೆ ದೇಶದ ಯಾವ ನೆಟ್‌ವರ್ಕ್‌ನಲ್ಲೂ ಆ ಫೋನ್ ನಡೆಯದ ಹಾಗೆ ಮಾಡುತ್ತಾರೆ. 2025ರ ನವೆಂಬರ್ ಕೊನೆಗೆ ಎಲ್ಲ ಹೊಸ ಫೋನುಗಳಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಬೇಕು ಎಂಬ ಆದೇಶ ಬಂದಾಗ, ನಮ್ಮ ಆಫೀಸಿನಲ್ಲಿ ಚಾ ಹೊತ್ತಿಗೆ ದೊಡ್ಡ ಚರ್ಚೆ ಆಗಿತ್ತು. ನಾನೂ ಜೋರಾಗಿ ವಿರೋಧಿಸಿದ್ದೆ. ಡಿಸೆಂಬರ್ 3ಕ್ಕೆ ಸರ್ಕಾರ ಆ ಕಡ್ಡಾಯವನ್ನು ಕೈಬಿಟ್ಟಿತು. ಕಡ್ಡಾಯ ಬೇಡ ಎಂಬ ನನ್ನ ಮಾತು ಈಗಲೂ ಅದೇ. ಆದರೆ ಆ ಚರ್ಚೆಯಲ್ಲಿ ನಮ್ಮಲ್ಲಿ ಒಬ್ಬರೂ ಪೋರ್ಟಲ್ ತೆರೆದು ನೋಡಿರಲಿಲ್ಲ. ಆ್ಯಪ್ ಇಲ್ಲದೆಯೇ ಪೋರ್ಟಲ್‌ನಲ್ಲಿ ಕೆಲಸ ಆಗುತ್ತದೆ. ಪೊಲೀಸ್ ಸ್ವೀಕೃತಿ, ಗುರುತಿನ ಚೀಟಿ, ಫೋನಿನ ಬಿಲ್ಲು ಹಾಕಿದೆ. ಕಳೆದ ನಂಬರಿನ ಡೂಪ್ಲಿಕೇಟ್ ಸಿಮ್ ಮೊದಲು ತೆಗೆದುಕೊಳ್ಳಿ ಎಂದು ಅಲ್ಲಿಯೇ ಬರೆದಿದೆ. ಒಟಿಪಿ ಅದಕ್ಕೇ ಬರುವುದು. ಬುಧವಾರ ಸಂಜೆ ಅರ್ಜಿ ಹಾಕಿದೆ, ಗುರುವಾರ ಬ್ಲಾಕ್ ಆಗಿತ್ತು. ಅಲ್ಲಿ ಕೊಡುವ ರಿಕ್ವೆಸ್ಟ್ ಐಡಿ ಬರೆದಿಟ್ಟುಕೊಳ್ಳಿ. ಫೋನ್ ಸಿಕ್ಕಿದರೆ ಬ್ಲಾಕ್ ತೆಗೆಯಲು ಅದು ಬೇಕು.

ಇಷ್ಟಕ್ಕೆ ಮುಗಿಯಿತು ಎಂದು ಅಪ್ಪ ಅಂದುಕೊಂಡಿದ್ದರು. ರಾತ್ರಿ ಫೋನ್ ಮಾಡಿ, "ಸಿಮ್ ಬಂತಲ್ಲ ಮಾರಾಯ, ಇನ್ನೆಂಥ?" ಎಂದು ಕೇಳಿದರು. ಬಹಳ ಜನ ಹೀಗೇ ತಿಳಿದಿದ್ದಾರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಟಿಪಿ ಸಿಮ್ಮಿಗೆ ಬರುತ್ತದೆ. ಕೆಲವು ಖಾತೆಗಳಿಗೆ ಪಾಸ್‌ವರ್ಡಿನ ಜೊತೆ ಆಥೆಂಟಿಕೇಟರ್ ಎಂಬ ಆ್ಯಪ್ ತೋರಿಸುವ ಆರಂಕಿಯ ಕೋಡ್ ಬೇಕು. ಅದು ಎಲ್ಲಿಂದಲೂ ಬರುವುದಿಲ್ಲ. ಮೊದಲ ದಿನ ನೀವು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀಲಿ ಫೋನಿನೊಳಗೆ ಕೂರುತ್ತದೆ. ಅದೇ ಕೀಲಿ ಆ ಕಡೆಯ ಸರ್ವರಿನಲ್ಲೂ ಇರುತ್ತದೆ. ಇಬ್ಬರೂ ಆ ಕೀಲಿಯನ್ನು ಆಗಿನ ಸಮಯದ ಜೊತೆ ಸೇರಿಸಿ ಲೆಕ್ಕ ಹಾಕುತ್ತಾರೆ. 30 ಸೆಕೆಂಡಿಗೊಮ್ಮೆ ಹೊಸ ಅಂಕೆ. ಇಬ್ಬರ ಲೆಕ್ಕ ಒಂದೇ ಆದರೆ ಬಾಗಿಲು ತೆರೆಯುತ್ತದೆ. 2011ರಲ್ಲಿ ಆರ್‌ಎಫ್‌ಸಿ 6238 ಎಂಬ ದಾಖಲೆಯಲ್ಲಿ ಈ ವಿಧಾನವನ್ನು ಬರೆದಿಟ್ಟರು. ಇದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ. ಆದ್ದರಿಂದಲೇ ಇದು ಎಸ್ಸೆಮ್ಮೆಸ್‌ಗಿಂತ ಗಟ್ಟಿ. ಆದರೆ ಫೋನ್ ಹೋದರೆ ಕೀಲಿಯೂ ಹೋಯಿತು. ಯಾವ ಸಿಮ್ ತಂದರೂ ಅದು ಮರಳುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಗೂಗಲ್ ಆಥೆಂಟಿಕೇಟರ್‌ಗೆ ಈ ಕೀಲಿಗಳನ್ನು ಗೂಗಲ್ ಖಾತೆಯಲ್ಲಿ ಉಳಿಸುವ ಸೌಲಭ್ಯ ಬಂತು. ಬಂದ ವಾರದಲ್ಲೇ, ಅದರಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್, ಅಂದರೆ ನಡುವಿನ ಕಂಪನಿಯೂ ಓದಲಾಗದಂಥ ಬೀಗ, ಇಲ್ಲ ಎಂಬ ಸುದ್ದಿಯೂ ಬಂತು. ನಾನು ಓದಿದೆ, ನಾಲ್ಕು ಜನರಿಗೆ ಕಳಿಸಿದೆ, ಆ ಸೌಲಭ್ಯವನ್ನು ಬಳಸದೆ ಬಿಟ್ಟೆ. ಬಿಟ್ಟದ್ದು ನನ್ನ ಪ್ರಕಾರ ತಪ್ಪಲ್ಲ. ಅದರ ಬದಲಿಗೆ ಬೇರೆ ಏನೂ ಮಾಡದೆ ಮೂರು ವರ್ಷ ಸುಮ್ನೆ ಇದ್ದದ್ದು ತಪ್ಪು. ನಮ್ಮ ಕೆಲಸದವರಿಗೆ ಈ ರೋಗ ಜಾಸ್ತಿ. ಸುದ್ದಿ ಓದಿ ಅಭಿಪ್ರಾಯ ಇಟ್ಟುಕೊಂಡರೆ ಕೆಲಸ ಮಾಡಿದಂತೆ ಎಂದು ತಿಳಿಯುತ್ತೇವೆ. ಈ ಆರಂಕಿಯ ಕೋಡಿನ ವ್ಯವಸ್ಥೆ ಮಾಡುವಾಗ ಕೊಡುವ ರಿಕವರಿ ಕೋಡುಗಳನ್ನು, ಅಂದರೆ ಫೋನ್ ಇಲ್ಲದಾಗ ಒಳಗೆ ಹೋಗುವ ಬದಲಿ ಕೋಡುಗಳನ್ನು, ಹಳೆಯ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿಟ್ಟಿದ್ದೆ. ಆ ಲ್ಯಾಪ್‌ಟಾಪನ್ನು ಎರಡು ವರ್ಷದ ಹಿಂದೆ ಫಾರ್ಮ್ಯಾಟ್ ಮಾಡಿ ಮಾರಿದ್ದೆ.

ಆಫೀಸಿನ ಖಾತೆ ಹತ್ತು ನಿಮಿಷದಲ್ಲಿ ಸರಿಯಾಯಿತು. ಅಡ್ಮಿನ್ ನನ್ನ ಮುಖ ನೋಡಿದರು, ಹಳೆಯದನ್ನು ತೆಗೆದು ಹೊಸ ಕ್ಯೂಆರ್ ಕೊಟ್ಟರು. ಹೊರಗಿನ ಖಾತೆಗಳಲ್ಲಿ ಮುಖ ನೋಡುವವರು ಯಾರೂ ಇಲ್ಲ. ನಾನು ಬರೆದ ಪ್ರೋಗ್ರಾಮುಗಳೆಲ್ಲ ಇರುವ ತಾಣದಲ್ಲಿ ಒಂದು ದಾರಿ ಇತ್ತು. ಇಮೇಲ್‌ನಿಂದ ಒಂದು ದೃಢೀಕರಣ, ಜೊತೆಗೆ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲೇ ನೋಂದಾಯಿಸಿದ್ದ ಎಸ್‌ಎಸ್‌ಎಚ್ ಕೀಲಿ, ಅಂದರೆ ಈ ಕಂಪ್ಯೂಟರ್ ನನ್ನದೇ ಎಂದು ತೋರಿಸುವ ಗುಟ್ಟಿನ ಕಡತ. ಎರಡೂ ಕೊಟ್ಟು ಕಾಯಬೇಕು. ಮಂಗಳವಾರ ಕೊಟ್ಟದ್ದಕ್ಕೆ ಶುಕ್ರವಾರ ಬಾಗಿಲು ತೆರೆಯಿತು. ಆ ಲ್ಯಾಪ್‌ಟಾಪ್ ಕೂಡ ಹೋಗಿದ್ದರೆ ಹನ್ನೊಂದು ವರ್ಷದ ಸ್ವಂತ ಕೆಲಸ ಹೋಗುತ್ತಿತ್ತು.

ನಿಜವಾಗಿ ನಿದ್ದೆ ಕೆಡಿಸಿದ್ದು ಡೊಮೈನ್ ಹೆಸರು, ಅಂದರೆ ಇಂಟರ್ನೆಟ್ಟಿನಲ್ಲಿ ನನ್ನ ಪುಟದ ವಿಳಾಸ. ನಾನು ಒಂದು ಸಣ್ಣ ಪುಟ ನಡೆಸುತ್ತೇನೆ. ಇವತ್ತು ಎಲ್ಲಿ ಆಟ ಉಂಟು, ಯಾವ ಮೇಳ, ಯಾವ ಪ್ರಸಂಗ, ಎಷ್ಟು ಗಂಟೆಗೆ. ಆಟ ಅಂದರೆ ನಮ್ಮ ಕಡೆ ಯಕ್ಷಗಾನ. ನವೆಂಬರಿನಿಂದ ಮೇ ತಿಂಗಳ ಪತ್ತನಾಜೆ ಎಂಬ ದಿನದವರೆಗೆ ಮೇಳಗಳ, ಅಂದರೆ ಆಟ ಆಡುವ ತಂಡಗಳ, ತಿರುಗಾಟ. ಆ ಆರು ತಿಂಗಳು ಸಂಜೆ ಐದರ ಮೇಲೆ ಜನ ಆ ಪುಟ ನೋಡುತ್ತಾರೆ. ಆ ಹೆಸರಿನ ಅವಧಿ ಫೆಬ್ರವರಿ 14ಕ್ಕೆ ಮುಗಿಯುವುದಿತ್ತು. ತಾನಾಗಿ ನವೀಕರಣ ಆಗಬೇಕಿದ್ದ ಕಾರ್ಡನ್ನು ನಾನೇ ಸೋಮವಾರ ನಿಲ್ಲಿಸಿದ್ದೆ. ಹೆಸರು ಮಾರಿದ ಕಂಪನಿಯ ಖಾತೆ ತೆರೆಯಲು ಅದೇ ಆರಂಕಿಯ ಕೋಡ್ ಬೇಕು.

ಗುರುತಿನ ಚೀಟಿ ಕಳಿಸಿ ಅಂದರು. ಕಳಿಸಿದೆ. ಎರಡು ದಿನ ಬಿಟ್ಟು, ಹೆಸರು ಹೊಂದುವುದಿಲ್ಲ ಎಂದು ಉತ್ತರ ಬಂತು. ಖಾತೆಯಲ್ಲಿ ನನ್ನ ಹೆಸರು ಒಂದೇ ಪದ. ಆಧಾರಿನಲ್ಲಿ ಅದರ ಹಿಂದೆ ಅಪ್ಪನ ಹೆಸರು, ಮುಂದೆ ಮನೆತನದ ಹೆಸರು. ನಮ್ಮ ಕಡೆ ಒಬ್ಬೊಬ್ಬರ ಹೆಸರು ಪಾಸ್‌ಬುಕ್ಕಿನಲ್ಲಿ ಒಂದು ತರ, ಪಾನ್‌ನಲ್ಲಿ ಒಂದು ತರ ಇರುತ್ತದೆ. ಹಳೆಯ ನವೀಕರಣದ ರಸೀದಿಗಳು, ಆ ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ ಮತ್ತೆ ಕಳಿಸಿದೆ. ಇದೇ ತೊಂದರೆಯಲ್ಲಿ ಇರುವವರು ಮೊದಲ ಪತ್ರದಲ್ಲೇ ರಸೀದಿಗಳನ್ನು ಕಳಿಸಿ. ದುಡ್ಡು ಕಟ್ಟಿದ ದಾಖಲೆಗೆ ಹೆಚ್ಚು ಬೆಲೆ.

ಶನಿವಾರ ಹೆಸರಿನ ಅವಧಿ ಮುಗಿಯಿತು. ಪುಟ ಇದ್ದಲ್ಲಿ ಯಾವುದೋ ಜಾಹೀರಾತು ಬಂತು. ಡಾಟ್ ಕಾಮ್ ಹೆಸರು ಒಂದೇ ದಿನಕ್ಕೆ ಕೈ ತಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾರುವವರು 45 ದಿನದವರೆಗೂ ಮಾಮೂಲಿ ದರದಲ್ಲಿ ಅವಕಾಶ ಕೊಡಬಹುದು. ಎಷ್ಟು ದಿನ ಎಂಬುದು ಅವರವರ ಮೇಲೆ. ಆಮೇಲೆ 30 ದಿನ ರಿಡೆಂಪ್ಶನ್, ಅಂದರೆ ಬಿಡಿಸಿಕೊಳ್ಳುವ ಅವಧಿ, ಅಲ್ಲಿ ದಂಡ ಜಾಸ್ತಿ. ಕೊನೆಗೆ ಹೆಸರು ಅಳಿಸುವ ಮೊದಲಿನ 5 ದಿನ. ಅದೂ ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು. ಲೆಕ್ಕ ಗೊತ್ತಿದ್ದರೂ ಎದೆ ಹಗುರಾಗಲಿಲ್ಲ. ಮರುದಿನ ಶಿವರಾತ್ರಿ. ಶುಕ್ರವಾರ ತೆರೆದ ಖಾತೆಯಲ್ಲಿ ಪುಟದ ಒಂದು ಪ್ರತಿಯನ್ನು ಬೇರೆ ವಿಳಾಸದಲ್ಲಿ ನಿಲ್ಲಿಸಿದೆ. ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿದೆ. ಆದರೆ ಹಿರಿಯರ ಫೋನಿನಲ್ಲಿ ಮೊಮ್ಮಕ್ಕಳು ಹಳೆಯ ವಿಳಾಸವನ್ನು ಪರದೆಯ ಮೇಲೆ ಇಟ್ಟುಕೊಟ್ಟಿರುತ್ತಾರೆ. ಅವರು ಅದನ್ನೇ ಒತ್ತುವುದು.

ಶಿವರಾತ್ರಿಯ ಮಧ್ಯಾಹ್ನ ಒಂದು ಕರೆ ಬಂತು. ಪುಟದ ಕೆಳಗೆ ನನ್ನ ನಂಬರ್ ಇತ್ತು, ಅದನ್ನು ಅವರು ಮೊದಲೇ ಬರೆದಿಟ್ಟುಕೊಂಡಿದ್ದರು. "ಮಗಾ, ಇವತ್ತು ಎಲ್ಲಿ ಆಟ? ಇದರಲ್ಲಿ ಎಂಥದ್ದೋ ಇಂಗ್ಲಿಷಿನಲ್ಲಿ ಬರ್ತದೆ." ಕಟಪಾಡಿಯ ಕಡೆಯವರು. ನಾನು ಪಟ್ಟಿ ಓದಿ ಹೇಳಿದೆ. ಅವರು ಪ್ರಸಂಗದ ಹೆಸರು ಕೇಳಿದರು, ಭಾಗವತರು ಯಾರು ಎಂದು ಕೇಳಿದರು. ಆ ದಿನ ಹೀಗೆ ಹದಿನಾಲ್ಕು ಕರೆ ಬಂದವು. ಎಲ್ಲರಿಗೂ ಓದಿದೆ. ಅಪ್ಪ ಬಂದು ಆ ನಂಬರ್ ಉಳಿಸಿಕೊಟ್ಟಿರದಿದ್ದರೆ ಆ ಹದಿನಾಲ್ಕು ಜನ ನನ್ನನ್ನು ಹೇಗೆ ಹುಡುಕಬೇಕಿತ್ತು?

ಮಂಗಳವಾರ, 17ನೇ ತಾರೀಖು ಸಂಜೆ ಖಾತೆ ತೆರೆಯಿತು. ಮಾಮೂಲಿ ದರ 1,150 ರೂಪಾಯಿ ಕಟ್ಟಿ ನವೀಕರಿಸಿದೆ. ರಾತ್ರಿ ಹತ್ತಕ್ಕೆ ಹಳೆಯ ಪುಟ ಮರಳಿ ಬಂತು.

ಒಂದು ಖಾತೆ ಮಾತ್ರ ಬರಲೇ ಇಲ್ಲ. ಹಳೆಯ ಆಟದ ಫೋಟೋಗಳನ್ನು ಇಟ್ಟಿದ್ದ ಜಾಗ. ಅದರ ರಿಕವರಿ ಇಮೇಲ್ ಕಾಲೇಜಿನದು. ಕಾಲೇಜಿನವರು ಆ ವಿಳಾಸಗಳನ್ನು ಮುಚ್ಚಿ ಎಷ್ಟೋ ಕಾಲವಾಗಿದೆ. ನಿಮ್ಮದೂ ಹಾಗೆ ಯಾವುದಾದರೂ ಹಳೆಯ ಆಫೀಸು, ಕಾಲೇಜಿನ ಇಮೇಲಿನ ಮೇಲೆ ನಿಂತಿದ್ದರೆ ಇವತ್ತೇ ಬದಲಿಸಿ.

ಖರ್ಚು: ಸಿಮ್ 50, ಆಟೋ ಮತ್ತು ಬಸ್ಸು ಎಲ್ಲ ಸೇರಿ 640, ಹೊಸ ಫೋನ್ 13,499, ಡೊಮೈನ್ 1,150. ನನ್ನದು ಎರಡು ದಿನದ ರಜೆ, ಅಪ್ಪನ ಒಂದು ದಿನದ ಕೆಲಸ.

ಈಗ ಎಲ್ಲ ಖಾತೆಗಳ ರಿಕವರಿ ಕೋಡುಗಳನ್ನು ಕೈಯಲ್ಲೇ ಬರೆದಿದ್ದೇನೆ. ಜೆರಾಕ್ಸ್ ಅಂಗಡಿಗೆ ಕಳಿಸಬೇಡಿ, ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ವ್ಯತ್ಯಾಸ ಕಾಣುವಂತೆ ಸೊನ್ನೆಗೆ ಅಡ್ಡ ಗೆರೆ ಎಳೆಯಿರಿ. ಬರೆದ ಮೇಲೆ ಒಂದು ಕೋಡ್ ಹಾಕಿ ನೋಡಿ, ನಡೆಯುತ್ತದೆಯೇ ಎಂದು. ಅದೇ ಕ್ಯೂಆರ್ ಕೋಡನ್ನು ಮನೆಯಲ್ಲಿರುವ ಹಳೆಯ ಫೋನಿನಲ್ಲೂ ಸ್ಕ್ಯಾನ್ ಮಾಡಿದ್ದೇನೆ. ಎರಡರಲ್ಲೂ ಒಂದೇ ಅಂಕೆ ಬರುತ್ತದೆ. ಗಡಿಯಾರ ಸರಿ ಇದ್ದರೆ ಸಾಕು.

ಆಫೀಸಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ನಾನೇ ಬರೆದ ಒಂದು ಲಾಗಿನ್ ಪುಟದಲ್ಲಿ "ಫೋನ್ ಕಳೆದಿದೆಯೇ?" ಎಂಬ ಕೊಂಡಿ ಇತ್ತು. ಒತ್ತಿ ನೋಡಿದೆ. ಅದು ಕಳೆದ ಅದೇ ಫೋನಿಗೆ ಒಟಿಪಿ ಕಳಿಸುತ್ತಿತ್ತು. ನಾಲ್ಕು ವರ್ಷದಿಂದ ಹಾಗೇ ಇತ್ತು. ಎಷ್ಟು ಜನ ಅಲ್ಲಿ ನಿಂತು ವಾಪಸು ಹೋಗಿದ್ದಾರೋ. ಬಹಳ ಬೇಜಾರಾಯಿತು. ಈಗ ಆ ಕೊಂಡಿ ಒಬ್ಬ ಮನುಷ್ಯನ ಹತ್ತಿರ ಹೋಗುತ್ತದೆ. ಅವರು ಕರೆ ಮಾಡಿ ಮಾತಾಡುತ್ತಾರೆ.

ಸಿಮ್ಮನ್ನು ನನ್ನ ಹೆಸರಿಗೆ ಮಾಡಿಸುವುದು ಬಾಕಿ ಉಂಟು. ಅದಕ್ಕೆ ಅಪ್ಪ ಇನ್ನೊಮ್ಮೆ ಬರಬೇಕು. ಅಡಿಕೆ ಸುಲಿಯುವ ಕೆಲಸ ಮುಗಿಯಲಿ, ಬೆರಳು ಸ್ವಲ್ಪ ಸರಿಯಾಗಲಿ ಎಂದಿದ್ದಾರೆ. ಮಾರ್ಚ್ ಕೊನೆಗೆ ಹೋಗುತ್ತೇವೆ.